ಒಬ್ಬನೇ ಬಾರಿಸಿದ ಗಿಟಾರ್

ಗೋಣೆಪ್ಪನ ಇಯರ್‌ಫೋನು ಅಂದು ಬೆಳಿಗ್ಗೆ ಕೆಡದೇ ಇದ್ದಿದ್ದರೆ ಯಲಬುರ್ಗಾದ ಆ ಕಚೇರಿಯಲ್ಲಿ ಯಾವ ರಾದ್ಧಾಂತವೂ ಆಗುತ್ತಿರಲಿಲ್ಲ. ಅದೊಂದು ಸಣ್ಣ ಸರ್ಕಾರಿ ಕಚೇರಿ. ಯಾವ ಇಲಾಖೆಯದೆಂದು ಹೇಳಿದರೆ ಇಲಾಖೆಗೇ ಬೇಸರವಾದೀತು, ಬಿಡಿ. ಒಳಗೆ ಮೂರು ಮೇಜು, ಮೂರು ಕುರ್ಚಿ, ಒಬ್ಬ ಗುಮಾಸ್ತ. ಉಳಿದಿಬ್ಬರಲ್ಲಿ ಒಬ್ಬರು ನಿವೃತ್ತರಾಗಿ, ಇನ್ನೊಬ್ಬರು ವರ್ಗವಾಗಿ ಹೋದ ಮೇಲೆ ಆ ಜಾಗಕ್ಕೆ ಯಾರೂ ಬಂದಿರಲಿಲ್ಲ. ಗೋಣೆಪ್ಪ ಮೊದಲ ಮೇಜಿನಲ್ಲಿ ಅರ್ಜಿ ತೆಗೆದುಕೊಳ್ಳುತ್ತಿದ್ದ, ಎರಡನೆಯದರಲ್ಲಿ ಕೂತು ಪರಿಶೀಲಿಸುತ್ತಿದ್ದ, ಮೂರನೆಯದರಲ್ಲಿ ಕೂತು ‘ಹಿಂದಿನ ಮೇಜಿನವರು ಸರಿಯಾಗಿ ಪರಿಶೀಲಿಸಿಲ್ಲ’ ಎಂದು ಬರೆದು ತನಗೇ ವಾಪಸು ಕಳಿಸುತ್ತಿದ್ದ. ಸಂಜೆಯ ಹೊತ್ತಿಗೆ ಅವನಿಗೆ ತಾನು ಯಾರೆಂಬುದೇ ಮರೆತಿರುತ್ತಿತ್ತು.

ಅಂದು ಕೊಪ್ಪಳದಿಂದ ದೊಡ್ಡ ಸಾಹೇಬರು, ಶಾಂತಕುಮಾರರು, ಬರುವವರಿದ್ದರು. ಇನ್ನಿಬ್ಬರು ಗುಮಾಸ್ತರನ್ನು ಕೊಡಬೇಕೋ ಬೇಡವೋ ಎಂಬುದನ್ನು ಕಣ್ಣಾರೆ ನೋಡಿ ತೀರ್ಮಾನಿಸುವುದಾಗಿ ಹೇಳಿದ್ದರು. ಆ ಇಬ್ಬರು ಬಂದರೆ ಗೋಣೆಪ್ಪ ಬದುಕಿದ. ಬರದಿದ್ದರೆ ಅವನ ಗತಿ ದೇವರೇ ಬಲ್ಲ.

ಎದೆಯ ಡವಡವ ತಗ್ಗಲೆಂದು ಅವನು ಮೊಬೈಲಿನಲ್ಲಿ ಗಿಟಾರ್ ಹಚ್ಚಿಕೊಂಡ. ಅವನ ಪಾಲಿಗೆ ಅದೇ ಔಷಧಿ. ಬಾರಿಸಿದವನು ನದೀಮ, ಗಂಗಾವತಿಯ ಮೊಬೈಲ್ ರಿಪೇರಿ ಅಂಗಡಿಯ ಹುಡುಗ. ಒಮ್ಮೆ ಫೋನು ಸರಿಮಾಡಿಸಲು ಹೋದ ಗೋಣೆಪ್ಪ ಅವನ ಗಿಟಾರು ಕೇಳಿ ಫೋನು ಮರೆತೇ ಊರಿಗೆ ಬಂದಿದ್ದ. ಹಾಡಿಲ್ಲ, ಮಾತಿಲ್ಲ, ಬರೀ ತಂತಿ. ಕೆಳಗೊಂದು ದಪ್ಪ ನಾದ ಹೆಜ್ಜೆ ಹಾಕುತ್ತದೆ, ಮೇಲೊಂದು ಸಣ್ಣ ರಾಗ ಅದರ ಹೆಗಲ ಮೇಲೆ ಕೂತ ಮಗುವಿನ ಹಾಗೆ ಆಡುತ್ತದೆ, ನಡುವೆ ಯಾರೋ ಹಲಗೆ ಬಡಿದಂತೆ ತಾಳ. ಕೇಳಿದಷ್ಟು ಹೊತ್ತು ಮೂರೂ ಮೇಜು ಹಗುರವಾಗುತ್ತಿದ್ದವು.

ಇಯರ್‌ಫೋನು ಸತ್ತಿದ್ದರಿಂದ ಅಂದು ಆ ನಾದ ಇಡೀ ಕಚೇರಿಗೆ ಕೇಳಿಸಿತು. ಜವಾನ ಹಂಪಣ್ಣ ಕಸಬರಿಗೆ ಹಿಡಿದೇ ಬಂದು ನಿಂತ.

“ಹಾಡ ಯಾವಾಗ ಚಾಲೂ ಆಗ್ತೈತ್ರಿ?”

“ಇದರಾಗ ಹಾಡಿಲ್ಲ, ಹಂಪಣ್ಣ.”

“ಹಾಡಾವ್ರ ಇಲ್ಲಂದ್ರ ಈ ಮೂರು ಮಂದಿ ಯಾರಿಗೆ ಸಾಥ್ ಕೊಡಾಕತ್ಯಾರ್ರಿ?”

“ಮೂರು ಮಂದಿ ಎಲ್ಲಿಂದ ಬಂದ್ರೋ? ಒಬ್ಬನ ಅದಾನ!”

ಹಂಪಣ್ಣ ಫೋನಿಗೆ ಕಿವಿಗೊಟ್ಟು ಬೆರಳು ಮಡಚಿದ. “ಇಂವ ಒಬ್ಬ, ಇಂವ ಒಬ್ಬ, ಬಡಿಯಾಂವ ಒಬ್ಬ. ಲೆಕ್ಕ ನಮಗೂ ಬರ್ತೈತ್ರಿ.”

“ಹೆಬ್ಬೆರಳು ದಪ್ಪ ತಂತಿ ನೋಡ್ಕೊಂತೈತಿ, ಉಳಿದ ಬೆರಳು ರಾಗ, ಅಂಗೈಲೆ ಗಿಟಾರಿನ ಹೊಟ್ಟಿ ಬಡೀತಾನ. ಇದಕ್ಕ ಫಿಂಗರ್‌ಸ್ಟೈಲ್ ಅಂತಾರ.”

ಅಷ್ಟರಲ್ಲಿ ಚಹಾದಂಗಡಿಯ ಫಕೀರಮ್ಮ ಕಪ್ಪು ಹಿಡಿದು ಬಂದಳು. ವಿಷಯ ಕೇಳಿ ಅವಳಿಗೆ ನಗು ತಡೆಯಲಾಗಲಿಲ್ಲ. “ನನ್ನ ಸೊಸಿಗೆ ಎರಡೂ ಕೈಲೆ ಒಂದು ರೊಟ್ಟಿ ನೆಟ್ಟಗ ಬಡಿಯಾಕ ಬರಂಗಿಲ್ಲ. ಒಂದ ಕೈಲೆ ಮೂರು ಕೆಲಸ ಅಂತ! ಯಾರಿಗೆ ಹೇಳ್ತೀಯೋ ಯಪ್ಪಾ?”

ಚಹಾ ಮುಗಿಯುವುದರೊಳಗೆ ಸುದ್ದಿ ಬಸ್ ಸ್ಟ್ಯಾಂಡ್ ಮುಟ್ಟಿತು. ಮೂರು ಮೇಜಿನ ಕೆಲಸ ಮಾಡಿ ಮಾಡಿ ಗುಮಾಸ್ತರ ತಲೆ ಕೆಟ್ಟಿದೆ, ಮೂರು ಮಂದಿ ಅವರಿಗೆ ಒಬ್ಬನ ಹಾಗೆ ಕಾಣುತ್ತಾರೆ ಎಂದು. ಅರ್ಜಿ ಕೊಡಲು ಬಂದವರು ಅರ್ಜಿ ಬಿಟ್ಟು ಸಲಹೆ ಕೊಡತೊಡಗಿದರು. ಒಬ್ಬ ಹುಲಿಗೆಮ್ಮ ದೇವಿಯ ಗುಡಿಗೆ ಕರೆದೊಯ್ಯಿರಿ ಅಂದ. ಇನ್ನೊಬ್ಬ ತಲೆಗೆ ಹರಳೆಣ್ಣೆ ಅಂದ. ಫಕೀರಮ್ಮ ಉಪ್ಪು ಮೆಣಸಿನಕಾಯಿ ತಂದು ನಿವಾಳಿಸಿಯೇ ಬಿಟ್ಟಳು; ಅದರಲ್ಲೊಂದು ಮೆಣಸಿನಕಾಯಿ ಗೋಣೆಪ್ಪನ ಚಹಾಕ್ಕೆ ಬಿತ್ತು.

“ಸಾಹೇಬ್ರು ಕೇಳಿದ್ರ ನಾ ಇದ್ದದ್ದ ಹೇಳಾಂವ್ರಿ,” ಎಂದ ಹಂಪಣ್ಣ, ಮುಖ ಗಂಭೀರ ಮಾಡಿ.

ಗೋಣೆಪ್ಪನ ಜೀವ ಬಾಯಿಗೆ ಬಂತು. ಹುಚ್ಚನ ಕೈಕೆಳಗೆ ಇಬ್ಬರನ್ನು ಯಾವ ಸಾಹೇಬರು ಕೊಟ್ಟಾರು? ಅವನು ಹಿಂದುಮುಂದು ನೋಡದೆ ನದೀಮನಿಗೆ ಫೋನು ಹಚ್ಚಿದ. “ತಮ್ಮಾ, ಇವತ್ತ ಅಂಗಡಿ ಬಂದ್ ಮಾಡು. ಗಿಟಾರ್ ತಗೊಂಡು ಸಿಕ್ಕ ಬಸ್ ಹತ್ತು. ನನ್ನ ಮಾನ ನಿನ್ನ ಬೆರಳಾಗ ಐತಿ.”

ಮಧ್ಯಾಹ್ನದ ಬಸ್ಸಿನಿಂದ ನದೀಮ ಇಳಿದ. ಬೆನ್ನ ಮೇಲಿನ ಉದ್ದದ ಕರಿ ಚೀಲ ನೋಡಿದ ಜನ, ಹೊಲ ಅಳೆಯುವ ಯಂತ್ರ ಬಂತೆಂದೇ ತಿಳಿದರು. “ಸರ್ವೇದವ್ರು ಬಂದ್ರು! ಮೊದಲ ನಮ್ಮ ಬದು ನೋಡ್ರಿ!” ಎಂದು ಪಹಣಿ ಹಿಡಿದುಕೊಂಡು ಹಿಂದೆ ಬಿದ್ದರು. ಅವನು ಕಚೇರಿ ಸೇರುವ ಹೊತ್ತಿಗೆ ಬೆನ್ನ ಹಿಂದೆ ಒಂದು ಮೆರವಣಿಗೆಯೇ ಇತ್ತು.

ಹಂಪಣ್ಣನ ತಪಾಸಣೆಯೂ ಸಾಮಾನ್ಯದ್ದಲ್ಲ. ಕಪಾಟಿನ ಹಿಂದೆ ನೋಡಿದ, ಮೇಜಿನ ಕೆಳಗೆ ನೋಡಿದ. ಕೊನೆಗೆ ಟಾರ್ಚ್ ಹಚ್ಚಿ ಗಿಟಾರಿನ ತೂತಿನೊಳಗೂ ಇಣುಕಿದ. ಉಳಿದಿಬ್ಬರು ಅಲ್ಲೂ ಸಿಗದಾಗ “ಹೂಂ, ಬಾರ್ಸು” ಎಂದು ಅಪ್ಪಣೆ ಕೊಟ್ಟ.

ನದೀಮ ಬಾರಿಸಿದ. ಹೆಬ್ಬೆರಳು ತನ್ನ ಪಾಡಿಗೆ ನಡೆಯಿತು, ಬೆರಳುಗಳು ಓಡಿದವು, ಅಂಗೈ ಮರದ ಮೇಲೆ ಗುದ್ದಿತು. ಬದುವಿನ ಜಗಳದವರು ಬದು ಮರೆತರು. ಫಕೀರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಹಂಪಣ್ಣ ಮಡಚಿದ ಬೆರಳುಗಳನ್ನು ಒಂದೊಂದಾಗಿ ಬಿಚ್ಚಿ, ಒಂದನ್ನು ಮಾತ್ರ ಉಳಿಸಿಕೊಂಡ. ಗೋಣೆಪ್ಪ ಗೆದ್ದವನಂತೆ ಕುರ್ಚಿಗೆ ಒರಗಿದ.

“ಆಫೀಸಿನಾಗ ಬ್ಯಾಂಡ್ ಕಂಪನಿ ಕರೆಸ್ಯಾರ ಯಾರು?”

ಬಾಗಿಲಲ್ಲಿ ಸಾಹೇಬರು! ಜೀಪು ಬಂದದ್ದು ಯಾರಿಗೂ ಕೇಳಿಸಿರಲಿಲ್ಲ. ಗೋಣೆಪ್ಪ ಎದ್ದ ರಭಸಕ್ಕೆ ಕುರ್ಚಿ ಬಿತ್ತು.

“ಕಂಪನಿ ಅಲ್ರಿ ಸಾಹೇಬ್ರ... ಒಬ್ಬನ ಅದಾನ್ರಿ.”

“ಸುಳ್ಳು ಹೇಳಬ್ಯಾಡ್ರಿ. ವರಾಂಡದಾಗ ನಿಂತು ಕೇಳೀನಿ. ಮೂರು ಮಂದಿ ಅದಾರ.”

“ಹುಲಿಗೆಮ್ಮನಾಣಿ, ಒಬ್ಬನ ರೀ!” ಎಂದು ಹಂಪಣ್ಣನೇ ಕೂಗಿದ.

ನದೀಮ ಮತ್ತೊಮ್ಮೆ ಬಾರಿಸಬೇಕಾಯಿತು. ಸಾಹೇಬರು ಮೊದಲು ನಿಂತೇ ಕೇಳಿದರು, ಆಮೇಲೆ ಕೂತರು, ಆಮೇಲೆ ಕನ್ನಡಕ ತೆಗೆದು ಒರೆಸಿಕೊಂಡರು. ಅವರ ಕಣ್ಣು ಹಸಿಯಾದದ್ದು ಕಂಡು ಗೋಣೆಪ್ಪನಿಗೆ ಎಲ್ಲಿಲ್ಲದ ಹುರುಪು ಬಂತು. ಇಂಥ ರಸಿಕರು ಇಬ್ಬರನ್ನಲ್ಲ, ಕೇಳಿದರೆ ನಾಲ್ವರನ್ನೂ ಕೊಟ್ಟಾರು!

“ನೋಡ್ರಿ ಸಾಹೇಬ್ರ, ಹೆಬ್ಬೆರಳಿಂದು ಒಬ್ಬನ ಕೆಲಸ. ಈ ಬೆರಳಿಂದು ಇನ್ನೊಬ್ಬಂದು. ಅಂಗೈದು ಮತ್ತೊಬ್ಬಂದು. ಮೂರೂ ಕೂಡಿ ಒಬ್ಬನ ಕಡೆ!”

“ಒಂದಕ್ಕೊಂದು ತೊಡಕಂಗಿಲ್ಲೇನ್ರಿ?”

“ಇಲ್ರಿ! ಅದ ಅಲ್ರಿ ಚಂದ!”

“ದಣಿವು?”

“ರೂಢಿ ಆದ್ರ ಏನೂ ಅನಸಂಗಿಲ್ರಿ. ಹುಡುಗನ ಹಣಿ ನೋಡ್ರಿ, ಬೆವರಿಲ್ಲ.”

ಸಾಹೇಬರು ಗದ್ದ ಸವರಿಕೊಂಡರು. “ಹಂಗಾರ ಇವನ ಬಾಜೂಕ ಇನ್ನಿಬ್ಬರನ್ನ ಕೂಡ್ರಿಸಿದ್ರ ಇನ್ನೂ ಛಲೋ ಆಗ್ತಿತ್ತೇನು?”

“ಛೇ ಛೇ!” ಗೋಣೆಪ್ಪ ಎರಡೂ ಕೈ ಬೀಸಿದ. “ಪೂರಾ ಕೆಟ್ಟುಹೋಗ್ತೈತ್ರಿ! ತಾಳ ತಪ್ತೈತಿ, ಒಬ್ಬರಿಗೊಬ್ಬರು ಅಡ್ಡ ಬರ್ತಾರ. ಇದರ ಸೊಗಸ ಒಬ್ಬನ ಮಾಡೋದ್ರಾಗ ಐತ್ರಿ!”

ಸಾಹೇಬರು ಎದ್ದು ಬಂದು ಗೋಣೆಪ್ಪನ ಎರಡೂ ಭುಜ ಹಿಡಿದುಕೊಂಡರು. ದನಿ ಗದ್ಗದವಾಗಿತ್ತು.

“ಗೋಣೆಪ್ನೋರ, ನನ್ನ ಕಣ್ಣು ತೆರೆಸಿದ್ರಿ. ನಿಮಗಂತ ಇಬ್ಬರನ್ನ ಜೀಪಿನಾಗ ಕೂಡ್ರಿಸಿಕೊಂಡ ಬಂದಿದ್ದೆ. ಎಂಥಾ ತಪ್ಪ ಮಾಡಾಂವಿದ್ದೆ ನೋಡ್ರಿ! ಕುಷ್ಟಗ್ಯಾಗ ಮಂದಿ ಸಾಲಂಗಿಲ್ಲಂತ ಅಳಾಕತ್ಯಾರ, ಅವ್ರಿಗೆ ಇಂಥಾ ಕಲಾ ಗೊತ್ತಿಲ್ಲ. ಅಲ್ಲಿಗೆ ಒಯ್ತೀನಿ.”

ಸಾಹೇಬರು ಹೊರಟೇಬಿಟ್ಟರು. ಗೋಣೆಪ್ಪ ಹೊರಗೆ ಓಡಿ ಬರುವಷ್ಟರಲ್ಲಿ ಜೀಪು ತಿರುಗಿಯಾಗಿತ್ತು. ಹಿಂದಿನ ಸೀಟಿನಲ್ಲಿ ಚೀಲ ತೊಡೆಯ ಮೇಲಿಟ್ಟುಕೊಂಡ ಇಬ್ಬರು ಪಾಪದವರು ಅವನಿಗೆ ನಮಸ್ಕಾರ ಮಾಡುತ್ತ ಕುಷ್ಟಗಿಯ ರಸ್ತೆ ಹಿಡಿದರು.

ಸಂಜೆ ಫಕೀರಮ್ಮನ ಅಂಗಡಿಯಲ್ಲಿ ಹಂಪಣ್ಣನದೇ ದರ್ಬಾರು. ಗೋಣೆಪ್ಪನ ಫೋನು ಇಸಿದುಕೊಂಡು, ಹೋಗಿ-ಬರುವವರಿಗೆಲ್ಲ ಗಿಟಾರ್ ಕೇಳಿಸುತ್ತಿದ್ದ. “ಒಬ್ಬನ ಬಾರಿಸ್ಯಾನ್ರಿ ಇದನ್ನ! ನಾನ ಕಣ್ಣಾರೆ ನೋಡೀನಿ.” ಫಕೀರಮ್ಮ ಒಳಗೆ ಸೊಸೆಯ ಕಡೆ ತಿರುಗಿ, ನಾಳೆಯಿಂದ ರೊಟ್ಟಿ ಬಡಿಯುತ್ತಲೇ ಪಾತ್ರೆ ತೊಳೆದು ಮಗು ತೂಗಬೇಕೆಂದು ಹೇಳುತ್ತಿದ್ದಳು.

ಬಸ್ಸಿಗೆ ಕಾಯುತ್ತಿದ್ದ ಪರವೂರಿನವನೊಬ್ಬ ನಂಬಲಿಲ್ಲ. “ಯಾರಿಗೆ ಹೇಳ್ತೀರಿ? ಮೂರು ಮಂದಿ ಸಾಫ್ ಕೇಳಸಾಕತ್ಯಾರ.”

“ಗೋಣೆಪ್ನೋರ, ನೀವ ಹೇಳ್ರಿ ಇವ್ರಿಗೆ!” ಎಂದ ಹಂಪಣ್ಣ.

ಮೂರು ಮೇಜಿನ ಕಡತಗಳನ್ನು ಒಂದೇ ಗಂಟು ಕಟ್ಟಿ ಮನೆಗೆ ಹೊತ್ತು ಹೊರಟಿದ್ದ ಗೋಣೆಪ್ಪ ನಿಂತ. ಫೋನು ಕಸಿದು ಬಂದ್ ಮಾಡಿ ಕಿಸೆಗೆ ಹಾಕಿಕೊಂಡ.

“ಒಬ್ಬನ ಕೈಲೆ ಆಗೋ ಕೆಲಸೇನ್ರಿ ಇದು?” ಎಂದು ಇಡೀ ಬಜಾರಕ್ಕೆ ಕೇಳುವಂತೆ ಚೀರಿದ. “ಮೂರು ಮಂದಿ ಅದಾರ್ರಿ! ಮೂರು ಮಂದಿ!”