ರಂಗನ ಬಾಯಿ, ನನ್ನ ಕೈ

ಕೊನೆಯ ಮಾಮೂಲಿ ದಿನ ಯಾವುದೆಂದು ಆ ದಿನವೇ ಗೊತ್ತಾಗುವಂತಿದ್ದರೆ ಮನುಷ್ಯ ಅಂದು ಸ್ವಲ್ಪ ಚೆನ್ನಾಗಿ ನಡೆದುಕೊಳ್ಳುತ್ತಿದ್ದನೇನೋ. ನಾನಂತೂ ಆ ದಿನವನ್ನು ನಾಯಿಯ ಜೊಲ್ಲಿನ ಬಗ್ಗೆ ಗೊಣಗುತ್ತ ಕಳೆದೆ. ಅದು ಸೆಪ್ಟೆಂಬರಿನ ಒಂದು ಭಾನುವಾರ. ಟೆಕ್ಸಸ್ ರಾಜ್ಯದ ಲೂಯಿಸ್‌ವಿಲ್‌ನ ನಮ್ಮ ಮನೆಯ ಹಿತ್ತಲಲ್ಲಿ ಹುಲ್ಲು ಬಿಸಿಲಿಗೆ ಒಣಗಿ ಚಾಪೆಯಂತಾಗಿತ್ತು. ನಾನು ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ಕಾಫಿ ಕುಡಿಯುತ್ತಿದ್ದೆ. ನನ್ನ ಹೆಂಡತಿ ನೀಲಾ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ನನ್ನದೇ ಹಳೆಯ ಪಂಚೆಯಿಂದ ಹೊಲಿದ ಒಂದು ಗಂಟನ್ನು ಬೀಸಿ ಬೀಸಿ ಎಸೆಯುತ್ತಿದ್ದಳು. ಎಸೆದದ್ದನ್ನು ಓಡಿಹೋಗಿ ತರಬೇಕಾಗಿದ್ದ ನಾಯಿ ಗಂಟಿನವರೆಗೆ ಉತ್ಸಾಹದಿಂದ ಓಡಿ, ಅದನ್ನು ಮೂಸಿ, ಅದರ ಮೇಲೇ ಮಲಗಿಬಿಡುತ್ತಿತ್ತು.

ನಾಯಿ ನಮ್ಮದಲ್ಲ. ಪಕ್ಕದ ಮನೆಯ ಕ್ಲೈಡ್‌ನದು. ಕ್ಲೈಡ್ ಅರವತ್ತೈದು ದಾಟಿದ, ಬಸ್ ರಿಪೇರಿ ಕೆಲಸದಿಂದ ನಿವೃತ್ತನಾದ, ಬಾತುಕೋಳಿ ಬೇಟೆಯನ್ನು ಬಿಟ್ಟರೆ ಬೇರೆ ವ್ಯಸನವಿಲ್ಲದ ಮನುಷ್ಯ. ನೀರಿಗೆ ಬಿದ್ದ ಹಕ್ಕಿಯನ್ನು ಈಜಿ ತರಲೆಂದು ಅವನು ಒಂದು ಲ್ಯಾಬ್ರಡಾರ್ ಮರಿ ತಂದು ರೇಂಜರ್ ಎಂದು ಹೆಸರಿಟ್ಟಿದ್ದ. ಮರಿಗೆ ಹತ್ತು ತಿಂಗಳಾದರೂ ಅದು ಏನನ್ನೂ ತರಲಿಲ್ಲ. ನನಗೆ ಇದೊಂದು ದೋಷವೆಂದೇ ಅನಿಸಲಿಲ್ಲ. ಕೊತ್ತಂಬರಿ ತನ್ನಿ ಎಂದು ಅಂಗಡಿಗೆ ಕಳಿಸಿದರೆ ನಾನೂ ಬರಿಗೈಯಲ್ಲಿ ಬಂದದ್ದುಂಟು. ನನ್ನನ್ನು ಯಾರೂ ವಾಪಸು ಕಳಿಸಲಿಲ್ಲ. ಆದರೆ ನೀಲಾ ಮದುವೆಗೆ ಮುಂಚೆ ಹುಬ್ಬಳ್ಳಿಯಲ್ಲಿ ಪ್ರೈಮರಿ ಶಾಲೆಯ ಟೀಚರ್ ಆಗಿದ್ದವಳು. ಕಲಿಯದ ಪ್ರಾಣಿಯನ್ನು ಕಂಡರೆ ಅವಳ ಕೈ ಸುಮ್ಮನಿರುತ್ತಿರಲಿಲ್ಲ. ಬೇಲಿಯ ಈಚೆಯಿಂದಲೇ ಕ್ಲೈಡ್‌ನ ಜೊತೆ ಒಪ್ಪಂದ ಮಾಡಿಕೊಂಡಳು: ನವೆಂಬರಿನಲ್ಲಿ ಬೇಟೆಯ ಸೀಸನ್ ಶುರುವಾಗುವುದರೊಳಗೆ ಇವಳು ನಾಯಿಗೆ ಕಲಿಸಿ ಅವನಿಗೆ ವಾಪಸು ಕೊಡಬೇಕು, ನಾಯಿ ಕಲಿಯದೇ ಹೋದರೆ ಅವನಿಗೆ ಬೇಡ, ನಾವೇ ಇಟ್ಟುಕೊಳ್ಳಬಹುದು.

"ನಾಯಿ ಕಲೀದೇ ಇದ್ರೆ ನಮ್ಮ ತಲೆಗೆ ಕಟ್ತಾನಲ್ಲೇ," ಎಂದೆ.

"ಕಲೀದೇನ್ ಮಾಡ್ತಾನರಿ? ಮೂರನೇ ಕ್ಲಾಸಿನ್ಯಾಗ ಇಂಥಾವರು ನಲವತ್ತು ಮಂದಿಗೆ ಮಗ್ಗಿ ಕಲಿಸೇನಿ. ಇದು ಒಂದs ನಾಯಿ," ಎಂದಳು.

ನಮ್ಮ ಮನೆಗೆ ಬಂದ ಮೊದಲ ದಿನವೇ ರೇಂಜರ್ ರಂಗನಾದ. ತರಬೇತಿಯ ಗಂಟಿಗೆ ಬಾತುಕೋಳಿಯ ರೆಕ್ಕೆ ಕಟ್ಟಿದರೆ ನಾಯಿಗೆ ವಾಸನೆ ಹಿಡಿಯುತ್ತದೆ ಎಂದು ಕ್ಲೈಡ್ ಒಂದು ರೆಕ್ಕೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ತಂದುಕೊಟ್ಟ. ನೀಲಾ ಅದನ್ನು ಎರಡು ಬೆರಳಲ್ಲಿ ಹಿಡಿದು ಅವನಿಗೇ ಮರಳಿಸಿ, ದೇವರ ಮುಂದೆ ಒಡೆದ ತೆಂಗಿನಕಾಯಿಯ ಜುಟ್ಟನ್ನು ಗಂಟಿಗೆ ಕಟ್ಟಿದಳು. ಬಹುಮಾನಕ್ಕೆ ಜೋಳದ ರೊಟ್ಟಿಯ ಚೂರು. ಜೋಳದ ಹಿಟ್ಟನ್ನು ಹ್ಯೂಸ್ಟನ್ನಿನಲ್ಲಿದ್ದ ಅವಳ ತಂಗಿ ಕಳಿಸುತ್ತಿದ್ದಳು. ಅಲ್ಲಿಯವರೆಗೆ ಆ ಹಿಟ್ಟಿನ ಮೇಲೆ ನನಗೊಬ್ಬನಿಗೇ ಹಕ್ಕಿತ್ತು. ಹೀಗೆ ಟೆಕ್ಸಸ್‌ನ ಒಂದು ಬೇಟೆನಾಯಿ ನೈವೇದ್ಯದ ವಾಸನೆ ಹಿಡಿದು ಓಡುತ್ತ, ರೊಟ್ಟಿ ತಿನ್ನುತ್ತ ಬೆಳೆಯತೊಡಗಿತು.

ಆ ಭಾನುವಾರ ಸಂಜೆಯ ಹೊತ್ತಿಗೆ ರಂಗ ಮೊದಲ ಬಾರಿಗೆ ಗಂಟನ್ನು ಕಚ್ಚಿಕೊಂಡು ಅರ್ಧ ಹಿತ್ತಲು ಬಂದ. ಬಂದವನು ಅಲ್ಲೇ ನಿಂತ. ನೀಲಾ ಉಳಿದರ್ಧ ತಾನೇ ನಡೆದುಹೋಗಿ, ಅವನ ಬಾಯಿಂದ ಗಂಟು ಬಿಡಿಸಿಕೊಂಡು, ಅದೇ ಕೈಯಿಂದ ಅವನ ಕೆನ್ನೆ ಸವರಿದಳು. ಗಂಟಿನಿಂದ ಜೊಲ್ಲು ಸುರಿಯುತ್ತಿತ್ತು.

"ಮೊದಲು ಕೈ ತೊಳ್ಕೊಳೇ. ಆ ಕೈಯಲ್ಲಿ ಏನೂ ಮುಟ್ಟಬೇಡ," ಎಂದೆ.

"ಮುಟ್ಟತೇನಿ. ನಿಮ್ಮನ್ನs ಮುಟ್ಟತೇನಿ," ಎಂದು ಆ ಕೈ ಚಾಚಿಕೊಂಡು ನನ್ನ ಕುರ್ಚಿಯ ಕಡೆಗೇ ಬಂದಳು. ನಾನು ಕಾಫಿ ಲೋಟದ ಸಮೇತ ಮನೆಯೊಳಕ್ಕೆ ಓಡಿದೆ.

ಇಲ್ಲಿ ನನ್ನ ದೌರ್ಬಲ್ಯವನ್ನು ಹೇಳಿಬಿಡಬೇಕು. ನಾನು ಮೈಸೂರಿನಲ್ಲಿ ಅಜ್ಜಿಯ ಕಣ್ಣಳತೆಯಲ್ಲಿ ಬೆಳೆದವನು. ಎಂಜಲು ಎಂಬ ಮಾತು ನನ್ನ ಕಿವಿಗೆ ನನ್ನ ಹೆಸರಿಗಿಂತ ಮೊದಲು ಬಿದ್ದಿರಬೇಕು. ಈಗಲೂ ಲೋಟವನ್ನು ತುಟಿಗೆ ತಾಕಿಸದೆ ನೀರು ಕುಡಿಯುತ್ತೇನೆ. ಪಕ್ಕದ ಪ್ಲೇನೋ ಊರಿನ ನಮ್ಮ ಆಫೀಸಿನಲ್ಲಿ ಯಾರದಾದರೂ ಹುಟ್ಟುಹಬ್ಬವಾದರೆ, ಕೇಕಿನ ಮೇಲಿನ ಮೇಣದಬತ್ತಿಗಳನ್ನು ಅವರು ಊದಿ ಆರಿಸುವುದನ್ನು ನೋಡಿದ ಮೇಲೆ ನನಗೆ ಯಾವುದೋ ಫೋನ್ ಕಾಲ್ ನೆನಪಾಗುತ್ತದೆ. ನಮ್ಮ ಮದುವೆಯ ಭೂಮದ ಊಟದಲ್ಲಿ, ಒಂದೇ ಎಲೆಯಿಂದ ಒಬ್ಬರಿಗೊಬ್ಬರು ತಿನ್ನಿಸಿ ಎಂದಾಗ ನಾನು ಮೆಲ್ಲಗೆ ಒಂದು ಚಮಚ ಸಿಗುತ್ತದೆಯೇ ಎಂದು ಕೇಳಿದ್ದೆ. ಹುಬ್ಬಳ್ಳಿಯ ಬೀಗರು ಅದನ್ನು ಇಪ್ಪತ್ತೆರಡು ವರ್ಷ ಮರೆಯಲಿಲ್ಲ. ನೀಲಾ ಅಂತೂ ಮನೆಗೆ ಬಂದ ಪ್ರತಿಯೊಬ್ಬರಿಗೂ ಅದನ್ನು ಹೇಳಿ, ಹೇಳುವಾಗ ಪ್ರತಿಸಲವೂ ಚಮಚವನ್ನು ಸ್ವಲ್ಪ ದೊಡ್ಡದು ಮಾಡುತ್ತಿದ್ದಳು. ಕೊನೆಯ ಸಲ ಕೇಳಿದಾಗ ಅದು ಸೌಟಾಗಿತ್ತು.

ಮಾರನೆಯ ದಿನ ಬೆಳಿಗ್ಗೆ ನಾನು ಆಫೀಸಿಗೆ ಹೋದ ಮೇಲೆ ಅವಳು ಅಡುಗೆಮನೆಯಲ್ಲಿ ಕುಸಿದುಬಿದ್ದಳು. ರಂಗ ಬಿಡದೆ ಬೊಗಳುವುದನ್ನು ಕೇಳಿ ಕ್ಲೈಡ್ ಬಂದು ನೋಡಿ ಆಂಬುಲೆನ್ಸ್ ಕರೆಸಿದ. ನಾನು ಆಸ್ಪತ್ರೆ ತಲುಪುವ ಹೊತ್ತಿಗೆ ಎಲ್ಲ ಮುಗಿದಿತ್ತು. ಹೃದಯ ಎಂದರು. ಇದರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲು ನನಗೆ ಬರುವುದಿಲ್ಲ.

ಹದಿಮೂರು ದಿನ ಕಳೆದು, ಬಂದವರೆಲ್ಲ ಹೋದ ಮೇಲೆ, ಮನೆಯಲ್ಲಿ ನಾನು ಮತ್ತು ರಂಗ ಉಳಿದೆವು. ಕ್ಲೈಡ್ ಟೋಪಿ ಕೈಯಲ್ಲಿ ಹಿಡಿದು ಬಂದು, ಒಪ್ಪಂದವನ್ನು ಮರೆತುಬಿಡು, ನಿನಗೆ ಕಷ್ಟವಾದರೆ ನಾಯಿಯನ್ನು ಇವತ್ತೇ ಕರೆದುಕೊಂಡು ಹೋಗುತ್ತೇನೆ ಎಂದ. ನಾನು ಬೇಡವೆಂದೆ. ನವೆಂಬರಿನೊಳಗೆ ಕಲಿಸಿ ಕೊಡುತ್ತೇನೆಂದು ನೀಲಾ ಮಾತು ಕೊಟ್ಟಿದ್ದಾಳೆ, ಕಲಿಸಿಯೇ ಕೊಡುತ್ತೇನೆ ಎಂದೆ. ಹೇಳುವಾಗ ಬಹಳ ಗಂಭೀರವಾಗಿತ್ತು. ಅವನು ಹೋದ ಮೇಲೆ ಲೆಕ್ಕ ಹಾಕಿದೆ: ರಂಗ ಕಲಿತರೆ ರಂಗ ಹೋಗುತ್ತಾನೆ, ಕಲಿಯದಿದ್ದರೆ ನೀಲಾಳ ಮಾತು ಹೋಗುತ್ತದೆ. ಅವಳ ದನಿ ಕೇಳಿದರೆ ಕಿವಿ ನಿಮಿರಿಸುತ್ತಿದ್ದ ಜೀವ ಈ ಮನೆಯಲ್ಲಿ ನನ್ನನ್ನು ಬಿಟ್ಟರೆ ಅದೊಂದೇ.

ಆಫೀಸಿನಿಂದ ಬಂದ ಮೇಲೆ ದಿನವೂ ಅರ್ಧ ಗಂಟೆ ಪಾಠ. ನಾನು ಗಂಟನ್ನು ಒಂದು ಹಳೆಯ ಟವೆಲಿನಿಂದ ಎತ್ತಿ ಎಸೆಯುತ್ತಿದ್ದೆ. ನನ್ನ ಎಸೆತ ನೀಲಾಳದರ ಅರ್ಧದಷ್ಟೂ ಹೋಗುತ್ತಿರಲಿಲ್ಲವಾದ್ದರಿಂದ ರಂಗನಿಗೆ ಕೆಲಸ ಸುಲಭವಾಗಬೇಕಿತ್ತು. ಅವನು ಓಡುತ್ತಿದ್ದ, ಕಚ್ಚಿಕೊಳ್ಳುತ್ತಿದ್ದ, ನನ್ನತ್ತ ಬರುತ್ತಿದ್ದ. ಇನ್ನೇನು ಎರಡು ಹೆಜ್ಜೆ ಎನ್ನುವಾಗ ನಿಂತು, ಗಂಟನ್ನು ನೆಲಕ್ಕೆ ಹಾಕಿ, ಅದರ ಮೇಲೆ ಮಲಗಿ, ನನ್ನ ಮುಖವನ್ನೇ ನೋಡುತ್ತಿದ್ದ. ರೊಟ್ಟಿ ತೋರಿಸಿದೆ. ನೀಲಾಳ ಧಾಟಿಯಲ್ಲಿ "ತಾ ಇಲ್ಲೆ, ಶಾಣ್ಯಾ ಅದೀಯಲ್ಲ" ಎಂದು ಕರೆದೆ; ಮೈಸೂರಿನವನ ಬಾಯಲ್ಲಿ ಅದು ನನಗೇ ನಾಟಕದ ಮಾತಿನಂತೆ ಕೇಳಿಸಿತು. ರಂಗನೂ ನಂಬಲಿಲ್ಲ. ಮೂರು ವಾರ ಹೀಗೆಯೇ ಹೋಯಿತು. ಇದು ನಾಯಿಯ ಮೊಂಡುತನ ಎಂದು ತೀರ್ಮಾನಿಸಿ, ಒಳಗೊಳಗೇ ಸ್ವಲ್ಪ ಸಮಾಧಾನವನ್ನೂ ಪಟ್ಟೆ.

ಅಕ್ಟೋಬರಿನ ಒಂದು ಶನಿವಾರ ಮಗಳು ಮೇಘನಾ ಆಸ್ಟಿನ್ನಿನಿಂದ ಡ್ರೈವ್ ಮಾಡಿಕೊಂಡು ಬಂದಳು. ಅಲ್ಲಿ ಕಾಲೇಜಿನಲ್ಲಿ ಓದುತ್ತಾಳೆ. ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಹೆಚ್ಚಾಗಿ ಇಂಗ್ಲಿಷಿನಲ್ಲೇ ಉತ್ತರಿಸುತ್ತಾಳೆ. ಹಿತ್ತಲ ಮೆಟ್ಟಿಲ ಮೇಲೆ ಕೂತು ಐದಾರು ಸಲ ನಮ್ಮ ಪಾಠವನ್ನು ನೋಡಿದಳು.

"ಅಪ್ಪಾ, ಯು ಸ್ಟೆಪ್ ಬ್ಯಾಕ್," ಎಂದಳು.

"ನಾನೆಲ್ಲಿ ಹಿಂದೆ ಹೋದೆ?"

"ಎವ್ರಿ ಟೈಮ್! ಅವ್ನು ಹತ್ರ ಬಂದ ತಕ್ಷಣ ಯು ಪುಲ್ ಯುವರ್ ಹ್ಯಾಂಡ್ ಬ್ಯಾಕ್." ಎದ್ದು ನಿಂತು ಮಾಡಿ ತೋರಿಸಿದಳು. ಎರಡೂ ಕೈಗಳನ್ನು ಎದೆಗೆ ಎಳೆದುಕೊಂಡು, ಮೂಗು ಸುಕ್ಕಿಸಿ, ಒಂದು ಹೆಜ್ಜೆ ಹಿಂದಕ್ಕೆ. ಥೇಟ್ ನಮ್ಮಜ್ಜಿಯಂತೆಯೇ ಇತ್ತು.

"ಎಂಜಲು ಕಣೇ," ಎಂದೆ.

"ಹಿ ಥಿಂಕ್ಸ್ ಯು ಡೋಂಟ್ ವಾಂಟ್ ಇಟ್." ಆಮೇಲೆ ದನಿ ತಗ್ಗಿಸಿ ಕೇಳಿದಳು, "ಡು ಯು?"

ಪಾಪದ ಪ್ರಾಣಿ ದಿನಾ ಸಂಜೆ ತನಗೆ ಹೇಳಿದ ಕೆಲಸವನ್ನು ಮಾಡಿ, ತಂದದ್ದನ್ನು ಒಪ್ಪಿಸಲು ಬರುತ್ತಿತ್ತು, ತೆಗೆದುಕೊಳ್ಳಬೇಕಾದವನು ಓಡಿಹೋಗುತ್ತಿದ್ದ. ಮೂರು ವಾರ ಮೊಂಡು ಹಿಡಿದದ್ದು ಯಾರು ಎಂಬುದನ್ನು ಮಗಳು ಬಾಯಿಬಿಟ್ಟು ಹೇಳದೆ ಬಿಟ್ಟಳು. ಆ ಮಟ್ಟಿಗೆ ಅವಳು ತಾಯಿಯಂತಲ್ಲ.

ಮತ್ತೊಮ್ಮೆ ಎಸೆದೆ. ಈ ಸಲ ಹುಲ್ಲಿನ ಮೇಲೆ ಮೊಣಕಾಲೂರಿ ಕೂತೆ. ಕೂತವನಿಗೆ ಹಿಂದೆ ಸರಿಯಲು ಬರುವುದಿಲ್ಲ. ಕಣ್ಣು ಮುಚ್ಚಿ ಎರಡೂ ಅಂಗೈ ಒಡ್ಡಿದೆ, ತೀರ್ಥಕ್ಕೆ ಒಡ್ಡಿದಂತೆ. ಬಿಸಿ ಉಸಿರು ತಾಕಿತು. ಆಮೇಲೆ ಒದ್ದೆಯಾದ, ಭಾರವಾದ, ಬೆಚ್ಚಗಿನ ಗಂಟು ನನ್ನ ಕೈಗೆ ಬಂತು. ಮೇಘನಾ ಚಪ್ಪಾಳೆ ತಟ್ಟಿದಳು. ರಂಗ ನನ್ನ ಮುಖವನ್ನೂ ಒಂದು ಸಲ ನೆಕ್ಕಿ ಪಾಠವನ್ನು ಪೂರ್ತಿ ಮಾಡಿದ. ಅಂದು ನಾನು ಸೋಪು ಹಾಕಿ ಮೂರು ಸಲ ಕೈ ತೊಳೆದೆ. ಮರುದಿನ ಎರಡು ಸಲ. ನವೆಂಬರಿನ ಹೊತ್ತಿಗೆ ಪ್ಯಾಂಟಿಗೆ ಒರೆಸಿಕೊಳ್ಳುವ ಮಟ್ಟಕ್ಕೆ ಇಳಿದಿದ್ದೆ.

ಸೀಸನ್ನಿನ ಮೊದಲ ಶನಿವಾರ ರಂಗನನ್ನು ಒಪ್ಪಿಸಲು ಹೋದೆ. ರೊಟ್ಟಿಯ ಡಬ್ಬಿಯನ್ನೂ ಹಳೆಯ ಟವೆಲನ್ನೂ ಜೊತೆಗೆ ಕೊಟ್ಟೆ, ಮಗಳನ್ನು ಗಂಡನ ಮನೆಗೆ ಕಳಿಸುವವನ ಹಾಗೆ. ಕ್ಲೈಡ್ ನನ್ನ ಮುಖ ನೋಡಿ, ಒಂದು ದಿನ ನೀನೂ ಬಾ, ಅವನ ಕೆಲಸ ನೋಡಿಕೊಂಡು ಹೋಗು ಎಂದ. ಹುಟ್ಟಿದಂದಿನಿಂದ ಮೊಟ್ಟೆಯನ್ನೂ ಮುಟ್ಟದ ನಾನು ಡೆಂಟನ್ ಕಡೆಯ ಅವನ ಗೆಳೆಯನ ಜಮೀನಿನಲ್ಲಿ, ಕೆರೆಯಂಚಿನ ಜೊಂಡಿನ ಮರೆಯಲ್ಲಿ, ಫ್ಲಾಸ್ಕಿನ ಕಾಫಿ ಹಿಡಿದು ಕೂತೆ. ಕ್ಲೈಡ್ ಗುಂಡು ಹಾರಿಸಿದಾಗ ಕಿವಿ ಮುಚ್ಚಿಕೊಂಡೆ. ಹಕ್ಕಿ ನೀರಿಗೆ ಬಿತ್ತು. ರಂಗ ಹಾರಿ, ಈಜಿ, ಅದನ್ನು ಮೆತ್ತಗೆ ಕಚ್ಚಿಕೊಂಡು ದಡ ಹತ್ತಿದ. ಕೈ ಚಾಚಿ ನಿಂತಿದ್ದ ಕ್ಲೈಡ್‌ನನ್ನು ದಾಟಿಕೊಂಡು ನೇರವಾಗಿ ನನ್ನ ಮುಂದೆ ಬಂದು ಕೂತು, ಮುಖ ಎತ್ತಿದ.

ಹಿಂದೆ ಸರಿಯುವ ಹಾಗಿರಲಿಲ್ಲ. ಮೊಣಕಾಲೂರಿದೆ. ಎರಡೂ ಅಂಗೈ ಒಡ್ಡಿದೆ. ನೀರು, ಜೊಲ್ಲು, ರಕ್ತ ಎಲ್ಲ ಸೇರಿದ ಸತ್ತ ಬಾತುಕೋಳಿ ನನ್ನ ಕೈಯಲ್ಲಿತ್ತು. ಅಯ್ಯೋ ಪಾಪ ಎಂದು ಹಕ್ಕಿಗೂ, ಭೇಷ್ ಎಂದು ನಾಯಿಗೂ ಹೇಳಿದೆ. ಆ ದಿನ ಇನ್ನೂ ಎರಡು ಸಲ ಹೀಗೆಯೇ ಆಯಿತು. ಕ್ಲೈಡ್ ಟೋಪಿ ತೆಗೆದು ತಲೆ ಕೆರೆದುಕೊಂಡು, "ಈ ನಾಯಿ ನಿನ್ನ ಮನೆಯಲ್ಲೇ ಇರಲಿ. ಆದರೆ ಸೀಸನ್ ಮುಗಿಯುವವರೆಗೆ ಪ್ರತಿ ಶನಿವಾರ ನೀನು ನನ್ನ ಜೊತೆ ಬೇಟೆಗೆ ಬರಲೇಬೇಕು. ಬೇರೆ ದಾರಿ ಇಲ್ಲ," ಎಂದ. ನಾನು ಒಪ್ಪಿಕೊಂಡೆ. ನಮ್ಮ ವಂಶದಲ್ಲಿ ಬೇಟೆಗೆ ಹೋದ ಮೊದಲಿಗ ನಾನೇ ಇರಬೇಕು.

ಮನೆಗೆ ಬರುವಾಗ ದಾರಿಯುದ್ದಕ್ಕೂ ಈ ಕಥೆಯನ್ನು ಹೇಗೆ ಹೇಳಬೇಕೆಂದು ಜೋಡಿಸಿಕೊಂಡೆ. ಕ್ಲೈಡ್‌ನ ಮುಖ ಹೇಗಾಯಿತೆಂಬುದನ್ನು ಮೊದಲೇ ಹೇಳಬಾರದು. ಒಂದು ಬಾತುಕೋಳಿಯನ್ನು ಮೂರು ಮಾಡಬೇಕಾದದ್ದೂ ಇಲ್ಲ, ನಿಜವಾಗಿಯೇ ಮೂರಿದ್ದವು. ಗ್ಯಾರೇಜಿನಿಂದ ಒಳಗೆ ಬಂದು, ಶೂ ಬಿಚ್ಚುವುದಕ್ಕೂ ಮುಂಚೆ, "ಏ, ಇಲ್ಲಿ ಕೇಳೇ" ಎಂದು ಗಟ್ಟಿಯಾಗಿ ಕೂಗಿದೆ. ಕೂಗಿದ್ದಕ್ಕೆ ರಂಗ ಬಾಲ ಆಡಿಸಿದ.

ಕಥೆ ಚೆನ್ನಾಗಿಯೇ ಇತ್ತು. ಕೇಳಿ ನಗುವುದಕ್ಕೆ ನೀಲಾ ಇರಲಿಲ್ಲ. ಈಗಲೂ ಇಲ್ಲ.