ಭಾವನ ಕಾರಿಗೆ ಅಳತೆ

ದರ್ಜಿ ಆ ದಿನ ಬೆಳಿಗ್ಗೆಯೇ ಕೆಂಡವಾಗಿದ್ದ. ಬೀದಿಗೆ ಬಾಗಿಲಿದ್ದ ಮುಂದಿನ ಕೋಣೆ ಅವನ ಅಂಗಡಿಯಾಗಬೇಕಿತ್ತು. ಅಲ್ಲಿ ವರ್ಷಗಳಿಂದ ಹೆಂಡತಿಯ ಅಣ್ಣನ ಹಳೇ ಸ್ಪೋರ್ಟ್ಸ್ ಕಾರು ಕಾಲು ಚಾಚಿಕೊಂಡು ಬಿದ್ದಿತ್ತು. ಎರಡೇ ಸೀಟು, ಕೆಂಪು ಬಣ್ಣ, ಸತ್ತ ಇಂಜಿನ್. ಭಾವ ದೂರದ ಊರಲ್ಲಿ ಆರಾಮಾಗಿದ್ದ. ದರ್ಜಿ ಮಾತ್ರ ಮೆಟ್ಟಿಲ ಕೆಳಗೆ ಕೂತು ಹೊಲಿಯುತ್ತಿದ್ದ. ಗಿರಾಕಿ ಬಂದರೆಂದು ಎದ್ದಾಗಲೆಲ್ಲ ನೆತ್ತಿಗೆ ಪೆಟ್ಟು.

ಕೊನೆಗೂ ಭಾವ ಫೋನ್ ಮಾಡಿದ್ದ. ಕಾರನ್ನು ಒಯ್ಯಲು ಸಂಜೆ ಟೋಯಿಂಗ್ ಲಾರಿ ಬರುತ್ತದೆ, ದೂರದ ದಾರಿ, ಸಿದ್ಧಮಾಡಿಡಿ, ಒಂದು ಗೀರು ಬಿದ್ದರೂ ನೀವೇ ಹೊಣೆ.

"ನನ್ನ ಕೋಣೆ ನುಂಗಿದ್ದಲ್ಲದೆ ನಾನೇ ಹೊಣೆನಾ?"

"ಮೆತ್ತಗೆ ಮಾತಾಡಿ," ಎಂದಳು ಹೆಂಡತಿ. "ಅಣ್ಣ ಮನಸ್ಸು ಬದಲಾಯಿಸಿದ್ರೆ?"

ದರ್ಜಿ ಚಿಂದಿ ಬಟ್ಟೆ ಹಿಡಿದು ಕಾರಿನ ಧೂಳು ಒರೆಸತೊಡಗಿದ.

ಅಷ್ಟರಲ್ಲಿ ಎದುರುಮನೆಯ ನಿವೃತ್ತ ಬಸ್ ಡ್ರೈವರ್ ಕರೆಯದೇ ಬಂದರು. ಬ್ಯಾಟರಿ ವೈರ್ ಬಿಚ್ಚಿ, ಟಯರಿಗೆ ಗಾಳಿ ಹೊಡೀರಿ, ಗೇರು ನ್ಯೂಟ್ರಲ್‌ಗೆ ಹಾಕಿ ಎಂದು ಸೊಂಟದ ಮೇಲೆ ಕೈಯಿಟ್ಟು ಅಪ್ಪಣೆ ಕೊಟ್ಟರು. ಬೆವರು ಸುರಿಸಿದ್ದು ದರ್ಜಿ.

"ಈಗ ಒಳಗೆ ಕೂತು ಹ್ಯಾಂಡ್‌ಬ್ರೇಕ್ ಬಿಡಿ. ಉರುಳುತ್ತಾ ನೋಡೋಣ."

ಉರುಳಿತು. ಕೋಣೆಯ ನೆಲ ಬೀದಿಗೆ ಇಳಿಜಾರು. ತೊಟ್ಟಿಯಲ್ಲಿ ಬಿದ್ದವನಂತೆ ಸೀಟಿನಲ್ಲಿ ಹೂತುಹೋಗಿದ್ದ ದರ್ಜಿ ಕಾರಿನ ಸಮೇತ ಬೀದಿಗೆ ಬಂದು, ಅಂಗಡಿಗೆಂದು ಆಗಲೇ ಹೊರಗೆ ತಂದಿಟ್ಟಿದ್ದ ತನ್ನದೇ ಬಟ್ಟೆ ಕತ್ತರಿಸುವ ಮೇಜಿಗೆ ಗುದ್ದಿದ. ಮೇಜಿನ ಎರಡು ಕಾಲು ಮುರಿದವು.

"ಬಂಪರಿಗೆ ಏನೂ ಆಗಿಲ್ಲ, ಸಮಾಧಾನ ಮಾಡ್ಕೊಳ್ಳಿ," ಎಂದರು ಡ್ರೈವರ್.

"ಮೇಜು ಯಾರದು ಅಂತ ಕೇಳಿ ಮೊದಲು."

ಯಾರೂ ಕೇಳಲಿಲ್ಲ. ಮಹಡಿ ಮೇಲಿನ ಟೀಚರಮ್ಮ ಇಳಿದು ಬಂದಿದ್ದರು. "ದಾರೀಲಿ ಕಲ್ಲು ಹಾರಿ ಬಣ್ಣ ಕಿತ್ತರೆ? ಒಂದು ಬೆಡ್‌ಶೀಟ್ ಹೊದಿಸಿ."

"ಸಡಿಲ ಬಟ್ಟೆ ಗಾಳಿಗೆ ಪಟಪಟ ಬಡಿದು ಬಣ್ಣ ಉಜ್ಜಿಹಾಕುತ್ತೆ," ಎಂದರು ಡ್ರೈವರ್. "ಮೈಗೆ ಅಂಟಿದ ಹಾಗಿರಬೇಕು."

ಇಬ್ಬರೂ ದರ್ಜಿಯ ಕಡೆ ತಿರುಗಿದರು.

"ನಾನು ಮನುಷ್ಯರಿಗೆ ಹೊಲಿಯೋನು."

"ಆಗಲ್ಲ ಅಂದ್ರೆ ಬಿಡಿ, ಬಲವಂತ ಇಲ್ಲ," ಎಂದರು ಟೀಚರಮ್ಮ.

ಆಗಲ್ಲವಂತೆ. ದರ್ಜಿಗೆ ಮೈಯೆಲ್ಲ ಉರಿಯಿತು. ಟೇಪು ಹಿಡಿದು ಬಾನೆಟ್ಟಿನ ಎದೆಯಳತೆ, ಬಾಗಿಲುಗಳ ಸೊಂಟದಳತೆ ತೆಗೆದ. ಮೆಟ್ಟಿಲ ಕೆಳಗೆ ಕೂತು, ಕೂಡಿಟ್ಟಿದ್ದ ದಪ್ಪ ಬಟ್ಟೆಗೆ ಮೆತ್ತನೆಯ ಲೈನಿಂಗ್ ಕೊಟ್ಟು ಹೊಲಿದ. ಹೊಲಿಗೆ ಹೊಲಿಗೆಗೂ ಭಾವನಿಗೆ ಶಾಪ ಹಾಕಿದ. ಆದರೆ ಕೆಟ್ಟದಾಗಿ ಹೊಲಿಯುವುದು ಅವನ ಕೈಗೆ ಗೊತ್ತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಕಾರು ಹೊಸ ಕೋಟು ತೊಟ್ಟ ಮದುಮಗನಂತೆ ನಿಂತಿತ್ತು. ಎಲ್ಲೂ ಒಂದು ಸುಕ್ಕಿಲ್ಲ. ಟೀಚರಮ್ಮ ನಾಲ್ಕೂ ಕಡೆಯಿಂದ ಫೋಟೋ ತೆಗೆದು, ಹೆಂಡತಿಯಿಂದ ನಂಬರ್ ಪಡೆದು ಭಾವನಿಗೆ ಕಳಿಸಿಯೇಬಿಟ್ಟರು.

"ತುಂಬಾ ಖುಷಿಯಾಯ್ತಂತೆ," ಎಂದರು.

"ಆಗದೇ ಏನು? ಬಿಟ್ಟಿ ಕೆಲಸ," ಎಂದು ಗೊಣಗಿದ ದರ್ಜಿ, ಖಾಲಿಯಾದ ಕೋಣೆ ಗುಡಿಸಿ, ಹೊಲಿಗೆ ಯಂತ್ರವನ್ನು ಕಿಟಕಿಯ ಬೆಳಕಿಗೆ ತಂದಿಟ್ಟು, ಒಮ್ಮೆ ನೆಟ್ಟಗೆ ಎದ್ದು ನಿಂತು ನೋಡಿದ. ತಲೆಗೆ ಏನೂ ತಾಗಲಿಲ್ಲ. ಅವನ ಕಣ್ಣು ತುಂಬಿ ಬಂತು.

ಸಂಜೆ ಲಾರಿ ಬಂತು. ಅದರ ಹಿಂದೆ ಕೊಕ್ಕೆಗೆ ಇನ್ನೊಂದು ಹಳೇ ಕಾರು ನೇತುಬಿದ್ದಿತ್ತು. ಕಪ್ಪು ಬಣ್ಣ, ಮಾರುದ್ದ. ಲಾರಿಯವನು ಅಂಗಿ ತೊಟ್ಟ ಕಾರನ್ನು ಮೇಲೇರಿಸಿ ಕಟ್ಟಿದ. ಆಮೇಲೆ ಕಪ್ಪು ಕಾರಿನ ಕೊಕ್ಕೆ ಬಿಚ್ಚಿ, ಕೋಣೆಯ ಕಡೆ ತಳ್ಳತೊಡಗಿದ.

"ಏನ್ರೀ ಇದು? ಯಾರ ಕಾರು?"

"ನಿಮ್ಮ ಭಾವಂದೇ ಸಾರ್. ಇವತ್ತು ಪಕ್ಕದೂರಲ್ಲಿ ಕೊಂಡಿದ್ದು. ಎರಡನ್ನೂ ಒಟ್ಟಿಗೆ ಒಯ್ಯಬೇಕಿತ್ತು. ಫೋಟೋ ನೋಡಿದ ಮೇಲೆ, ಇದನ್ನ ಬರಿಮೈಲಿ ಅಷ್ಟು ದೂರ ಎಳೀಬೇಡ, ಅಲ್ಲೇ ಬಿಡು, ಇದಕ್ಕೂ ಒಂದು ಹೊಲೀಲಿ ಅಂದ್ರು."

"ಆಮೇಲೆ ಯಾವಾಗ ತಗೊಂಡು ಹೋಗ್ತಾರೆ?"

"ಅದು ಹೇಳಲಿಲ್ಲ. ಕಾರು ಉದ್ದ ಆಯ್ತು ಅಂದ್ರೆ ಒಳಗಿನ ಗೋಡೆ ಸ್ವಲ್ಪ ಒಡೆಸ್ಕೊಳ್ಳೋಕೆ ಹೇಳು ಅಂದ್ರು."

ದರ್ಜಿ ಸಹಾಯಕ್ಕೆ ಸುತ್ತ ನೋಡಿದ. ಬಸ್ ಡ್ರೈವರ್ ಆಗಲೇ ಮನೆಯಿಂದ ಸುತ್ತಿಗೆ ತರಲು ಹೊರಟಿದ್ದರು.