ರಾಮಾಂಜಿಯ ಕಾಲರಿನಲ್ಲಿ ಸರ್ಕಾರದ ಕಿವಿ

ಆ ದಿನ ಬೆಳಿಗ್ಗೆ ರಾಮಾಂಜಿ ಹೇಳಿದ್ದು ಒಂದೇ ಸುಳ್ಳು. ಅದೂ ಬಾಯಿ ಬಿಟ್ಟು ಹೇಳಿದ್ದಲ್ಲ, ತುಟಿಯ ಮೇಲೆ ಬೆರಳಿಟ್ಟು ಹೇಳಿದ್ದು.

ಆದೋನಿಯಿಂದ ಪೆದ್ದಹರಿವಾಣಂ ಕಡೆ ಹೋಗುವಾಗ ಗುಡ್ಡದ ಬಗಲಿಗೆ ಒಂದು ಕಲ್ಲಿನ ಕ್ವಾರಿ. ರಾಮಾಂಜಿ ಅಲ್ಲಿ ಡ್ರಿಲ್ಲು ಹಿಡಿಯುವವನು. ಡ್ರಿಲ್ಲು ಕಲ್ಲಿಗೆ ಇಳಿದರೆ ಏಳುವ ಬಿಳಿ ಪುಡಿ ಅವನ ಹುಬ್ಬಿನಲ್ಲಿ, ಕಿವಿಯಲ್ಲಿ, ಮೂಗಿನ ಹೊಳ್ಳೆಯಲ್ಲಿ ಕಾಯಂ ಬಿಡಾರ ಹೂಡಿತ್ತು. ಸಂಜೆ ಮನೆಗೆ ಹೊರಟರೆ ಹಿಟ್ಟಿನ ಡಬ್ಬಿಗೆ ಬಿದ್ದು ಎದ್ದ ಹಲ್ಲಿಯ ಹಾಗೆ ಕಾಣುತ್ತಿದ್ದ.

ಮನೆಯಲ್ಲಿ ಎಂಟು ತಿಂಗಳ ಮಗಳು ಭವಾನಿ. ಕೂಸಿಗೆ ಎದೆ ಗೊರಗೊರ ಅನ್ನುತ್ತಿತ್ತು. ಆದೋನಿಯ ಡಾಕ್ಟರು ಕೂಸಿನ ಹತ್ತಿರ ಕಲ್ಲಿನ ಧೂಳು ಸುಳಿಯಕೂಡದು ಅಂದರು. ಅವತ್ತೇ ಹೆಂಡತಿ ರಾಣಿ ಗಂಡನ ಮಂಚವನ್ನು ಹೊಸ್ತಿಲಿನ ಆಚೆ ಹಾಕಿದಳು. ನಲ್ಲಿಯಲ್ಲಿ ನೀರು ಬಂದ ದಿನ ತಲೆ ತೊಳೆದುಕೊಂಡರೆ ಮಗಳು ತೊಡೆಯ ಮೇಲೆ. ಮಿಕ್ಕ ದಿನ ಹೊಸ್ತಿಲಿನ ಆಚೆ ಅವನು, ಈಚೆ ಕೂಸು. ನೀರು ಬರುತ್ತಿದ್ದದ್ದು ಅಪರೂಪ. ಅಪ್ಪ ಅನ್ನುವವನು ದೂರದಲ್ಲಿ ಕೂತು ಚಪ್ಪಾಳೆ ತಟ್ಟುವ ಬಿಳಿ ಪ್ರಾಣಿ ಎಂದೇ ಕೂಸು ತಿಳಿದಂತಿತ್ತು.

ಹೀಗಿರುವಾಗ ಒಂದು ಬೆಳಿಗ್ಗೆ ಗಣಿ ಸುರಕ್ಷತೆಯ ಸಂಶೋಧನೆ ಮಾಡುವ ಸರ್ಕಾರಿ ಸಂಸ್ಥೆಯ ಜೀಪು ಬಂತು. ಅದರಿಂದ ಶೋಭಾರಾಣಿ ಮೇಡಂ ಇಳಿದರು. ಬೆಲ್ಲದ ಅಚ್ಚಿನಷ್ಟು ದೊಡ್ಡ ಪೆಟ್ಟಿಗೆಯೊಂದನ್ನು ರಾಮಾಂಜಿಯ ಸೊಂಟಕ್ಕೆ ಕಟ್ಟಿ, ಅದರ ನಳಿಗೆಯನ್ನು ಬೆನ್ನ ಮೇಲಿಂದ ತಂದು, ತುದಿಯ ಕರಿ ಬಿಲ್ಲೆಯನ್ನು ಕಾಲರಿಗೆ ಸಿಕ್ಕಿಸಿದರು. ಪೆಟ್ಟಿಗೆ ಬಾಟಲಿಯಲ್ಲಿ ಸಿಕ್ಕಿಕೊಂಡ ಜೇನುನೊಣದಂತೆ ಗುಂಯ್‌ಗುಟ್ಟತೊಡಗಿತು.

"ನೀನು ಎಷ್ಟು ಧೂಳು ಉಸಿರಾಡ್ತೀಯೋ ಇದು ಅಳೆಯುತ್ತೆ," ಅಂದರು ಮೇಡಂ. "ಸಂಜೆ ನಾಲ್ಕರವರೆಗೆ ಬಿಚ್ಚಬೇಡ. ಧೂಳು ನುಂಗೋ ಹೊಸ ಡ್ರಿಲ್ಲು ಒಂದು ಮಾಡಿದ್ದೀವಿ. ಎಲ್ಲಿ ಧೂಳು ಹೆಚ್ಚೋ ಆ ಕ್ವಾರಿಗೆ ಮೊದಲು ಕೊಡ್ತೀವಿ. ಮದ್ದಿಕೇರ ಕಡೆಯ ಕ್ವಾರಿ ಅಳೆದಾಯ್ತು. ನಿಮ್ಮದೇ ಕೊನೇದು."

ರಾಮಾಂಜಿಗೆ ಒಳಗೊಳಗೇ ನಗು ಬಂತು. ಧೂಳಿನಲ್ಲಿ ಈ ಕ್ವಾರಿಯನ್ನು ಸೋಲಿಸುವ ಕ್ವಾರಿ ಇನ್ನೂ ಹುಟ್ಟಿರಲಿಲ್ಲ. ಹೊಸ ಡ್ರಿಲ್ಲು ಬಂದಂತೆ, ಮಂಚ ಒಳಗೆ ಹೋದಂತೆ, ಕೂಸು ತನ್ನ ಮೀಸೆ ಎಳೆದಂತೆ ಅವನಿಗೆ ಆಗಲೇ ಕಂಡಿತು.

ಜೀಪು ಅತ್ತ ಹೋದದ್ದೇ ಇತ್ತ ಮೇಸ್ತ್ರಿ ಹನುಮಂತು ಬಂದ. ಹನುಮಂತು ಆಳುಗಳನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. ಒಬ್ಬೊಬ್ಬರಿಗೂ ಒಂದೊಂದು ಬೈಗುಳ ಗೊತ್ತುಮಾಡಿದ್ದ, ಹಾಜರಿಯನ್ನೂ ಅದರಲ್ಲೇ ಕೂಗುತ್ತಿದ್ದ.

"ಏನಲೇ ಕತ್ತಿ ಸೂಳೆ..."

ಮಾತು ಪೂರ್ತಿಯಾಗುವ ಮುಂಚೆ ರಾಮಾಂಜಿಗೆ ಏನೋ ಹುಡುಗಾಟ ಹೊಕ್ಕಿತು. ತುಟಿಯ ಮೇಲೆ ಬೆರಳಿಟ್ಟ. ಇನ್ನೊಂದು ಕೈಯಿಂದ ಕಾಲರಿನ ಬಿಲ್ಲೆ ತೋರಿಸಿದ.

ಹನುಮಂತು ಬಿಲ್ಲೆ ನೋಡಿದ. ಗುಂಯ್ ಅನ್ನುವುದನ್ನು ಕೇಳಿದ. ಬಾಯಲ್ಲಿದ್ದ ಅರ್ಧ ಬೈಗುಳವನ್ನು ಬಿಸಿ ಮಿರ್ಚಿಯಂತೆ ನುಂಗಿಕೊಂಡ. ಗುಡ್ಡದಾಚೆ ಯಾರದೋ ಕುರಿ ಕೆಮ್ಮಿದ್ದೂ ಕೇಳಿಸಿತು.

"ರಾಮಾಂಜಿ ಗಾರೂ," ಅಂದ ಹನುಮಂತು. ಅವನಿಗೆ ಭಯವಾದರೆ ತೆಲುಗು ಬರುತ್ತಿತ್ತು. "ಟಿಫಿನ್ ಅಯಿಂದಾ ಅಂಡಿ?"

ತಿಂಡಿ ಆಯಿತೇ ಎಂದು ಮೇಸ್ತ್ರಿ ಬಹುವಚನದಲ್ಲಿ ಕೇಳಿದ್ದಕ್ಕೆ ಜೊತೆಗಾರ ನರಸಣ್ಣನ ಕೈಯಿಂದ ಬೀಡಿ ಬಿತ್ತು. ರಾಮಾಂಜಿಗೆ ಸ್ವರ್ಗ ಒಂದು ಗೇಣು ದೂರದಲ್ಲಿತ್ತು. ಆದರೆ ಅದು ಇದ್ದದ್ದು ಮೇಸ್ತ್ರಿ ಮುಂದಿನ ಮಾತು ಆಡುವವರೆಗೆ ಮಾತ್ರ.

"ಒಣ ಕಲ್ಲಿಗೆ ಡ್ರಿಲ್ಲು ಹಾಕಬಾರದಂಡಿ, ಎದೀಗೆ ಕೆಟ್ಟದ್ದು," ಅಂತ ಬಿಲ್ಲೆಯ ಕಡೆ ಬಗ್ಗಿ ಗಟ್ಟಿಯಾಗಿ ಹೇಳಿದ ಹನುಮಂತು. "ನಮ್ಮಲ್ಲಿ ಯಾವಾಗ್ಲೂ ನೀರು ಹಾಕೇ ಕೊರಿಯೋದು. ಲೇ ನರಸ... ನರಸಣ್ಣಾವ್ರೇ, ಟ್ಯಾಂಕರ್ ಕರಸ್ರಿ!"

ಕುಡಿಯುವುದಕ್ಕೇ ನೀರು ಕೊಡದವನು ಟ್ಯಾಂಕರ್ ತರಿಸಿದ. ಕಲ್ಲಿಗೆ ನೀರು, ದಾರಿಗೆ ನೀರು, ರಾಶಿಗೆ ನೀರು. ಮದುವೆ ಮನೆಯ ಅಂಗಳದಂತೆ ಕ್ವಾರಿ ಥಣ್ಣಗಾಯಿತು. ಡ್ರಿಲ್ಲು ಹಾಕಿದರೆ ಧೂಳಿನ ಬದಲು ಗಂಜಿಯಂಥ ಬಿಳಿ ಕೆಸರು ಹರಿಯಿತು.

ಧೂಳಿಲ್ಲದಿದ್ದರೆ ಹೊಸ ಡ್ರಿಲ್ಲೂ ಇಲ್ಲ ಎಂದು ರಾಮಾಂಜಿಗೆ ಆಗ ಹೊಳೆಯಿತು.

"ಮೇಸ್ತ್ರಿ, ಇದು ಮೈಕ್ ಅಲ್ಲ! ನಾ ಚಾಷ್ಟಿ ಮಾಡಿದ್ದು! ಇದು ಧೂಳು ಅಳಿಯೋದು!"

ಹನುಮಂತು ಅವನ ಕಿವಿಯ ಹತ್ತಿರ ಬಂದು, ಬಿಲ್ಲೆಗೆ ಕೈ ಅಡ್ಡ ಇಟ್ಟು ಪಿಸುಗುಟ್ಟಿದ: "ಹಂಗ ಹೇಳು ಅಂತ ಮೇಡಂ ಹೇಳಿಕೊಟ್ಟಾರ, ಹೌದಲ್ಲೋ? ನನಗ ಗೊತ್ತೈತಿ."

ಧೂಳು ಬೇಕು. ಎಲ್ಲಿಂದಾದರೂ ಬೇಕು. ರಾಮಾಂಜಿ ಕಲ್ಲು ಪುಡಿ ಮಾಡುವ ಕ್ರಷರಿನ ಕಡೆ ಓಡಿದ. ಆದರೆ ಮೈಕಿನ ಸುದ್ದಿ ಅವನಿಗಿಂತ ಮುಂಚೆ ಓಡಿತ್ತು. ಅವನು ಬರುವುದನ್ನು ಕಂಡ ಕ್ರಷರಿನವನು ಗುಂಡಿ ಒತ್ತಿ ಮಷೀನು ನಿಲ್ಲಿಸಿ, ಎದ್ದು ನಿಂತು ಕೈಮುಗಿದ. ಟಿಪ್ಪರಿನ ಹಿಂದೆ ಓಡಿದ. ಟಿಪ್ಪರ್ ಎಂದರೆ ಧೂಳಿನ ತವರುಮನೆ. ಡ್ರೈವರ್ ಮಾರೆಣ್ಣ ಕನ್ನಡಿಯಲ್ಲಿ ನೋಡಿದವನೇ ಬ್ರೇಕು ಹಾಕಿ, ಕೆಳಗಿಳಿದು, ಲೋಡಿಗೆ ತಾಡಪತ್ರಿ ಹೊದಿಸಿ, ಬಾಣಂತಿಯನ್ನು ಕರೆದೊಯ್ಯುವವನಂತೆ ಮೆಲ್ಲಗೆ ಗಾಡಿ ಬಿಟ್ಟ.

"ಮಾರೆಣ್ಣಾ, ಜೋರಾಗಿ ಬಿಡೋ! ಯಾವತ್ತೂ ವಿಮಾನ ಬಿಟ್ಟಂಗ ಬಿಡ್ತೀಯಲ್ಲ!"

"ನಾನಾ?" ಮಾರೆಣ್ಣ ಕಿಟಕಿಯಿಂದ ತಲೆ ಹಾಕಿ ಬಿಲ್ಲೆಗೆ ಹೇಳಿದ. "ನನಗ ಲೈಸೆನ್ಸ್ ಐತಿ. ಜೀವಮಾನದಾಗ ಮೂರನೇ ಗೇರ್ ನೋಡಿಲ್ಲ."

ಮಧ್ಯಾಹ್ನ ಗೇಟಿನ ಹತ್ತಿರ ಚಹಾ ಮಾರುವ ಪಕೀರಮ್ಮ ಬಂದಳು. ಬೇರೆಯವರು ಸರ್ಕಾರಕ್ಕೆ ಹೆದರಿ ಬಾಯಿ ಮುಚ್ಚಿದ್ದರು. ಪಕೀರಮ್ಮ ಇಷ್ಟು ಹತ್ತಿರ ಬಂದ ಸರ್ಕಾರವನ್ನು ಬಿಡುವ ಹೆಂಗಸಲ್ಲ. ರಾಮಾಂಜಿಯ ಕಾಲರು ಹಿಡಿದು ತನ್ನ ಕಡೆ ಎಳೆದುಕೊಂಡಳು.

"ಹಲೋ? ನಾನು ಪಕೀರಮ್ಮ ಮಾತಾಡಾದು. ನನ್ನ ಪಿಂಚಣಿ ನಿಂತೈತಿ. ಬೆರಳು ಇಟ್ರ ಮಷೀನು ನಾ ಅಲ್ಲ ಅಂತೈತಿ. ನಾ ಅಲ್ಲಂದ್ರ ಮತ್ಯಾರಪಾ ನಾನು?"

"ಯಕ್ಕಾ, ಇದು ಕೇಳಲ್ಲ."

"ಸರ್ಕಾರ ಯಾವಾಗ ಕೇಳೈತಿ? ಆದ್ರೂ ಹೇಳಾದು ಹೇಳಬೇಕಪ್ಪ. ಸುಮ್ನಿರು, ಲೈನಿನಾಗ ಅದಾರ."

ಅವಳು ಹೇಳಿ ಮುಗಿಸುವಷ್ಟರಲ್ಲಿ ಹಿಂದೆ ಸಾಲು ನಿಂತಿತ್ತು. ಬೋರ್‌ವೆಲ್, ಬೀದಿದೀಪ, ತಮ್ಮನ ಕುರಿ ಸಾಲ, ಸೊಸೆಯ ಸೊಕ್ಕು ಎಲ್ಲವೂ ಕಾಲರಿಗೆ ಬಂದು ಬಿದ್ದವು. ಮೂಲೆಯಲ್ಲಿ ನಿನ್ನೆಯ ಒಣ ಪುಡಿಯ ಚೀಲವೊಂದು ಉಳಿದದ್ದು ರಾಮಾಂಜಿಯ ಕಣ್ಣಿಗೆ ಬಿತ್ತು. ಇದು ಮೋಸವೇನಲ್ಲ, ದಿನಾ ನುಂಗುವುದು ಇದನ್ನೇ ತಾನೆ, ಎಂದು ತನಗೆ ತಾನೇ ಹೇಳಿಕೊಂಡು ಹೋಗಿ ಚೀಲ ಜಾಡಿಸಿದ. ಬೆಳ್ಳಗೆ ಮೋಡ ಎದ್ದಿತು. ಕೂಸಿನ ಮುಖ ನೆನೆದು ಕಣ್ಣು ಮುಚ್ಚಿ ಅದರೊಳಗೆ ನಿಂತ.

ಕಣ್ಣು ಬಿಟ್ಟರೆ ಬಿಲ್ಲೆಯ ಮೇಲೆ ಪಕೀರಮ್ಮನ ಸೆರಗು!

"ಬುದ್ಧಿ ಐತೇನೋ? ಸರ್ಕಾರದ ಕಿವ್ಯಾಗ ಧೂಳು ಹೋದ್ರ ನನ್ನ ಪಿಂಚಣಿ ಗತಿ ಏನು?" ಅಂದು ಬಿಲ್ಲೆಯನ್ನು ಸೆರಗಿನ ಒಳಗಿಟ್ಟುಕೊಂಡು ಮೋಡ ಇಳಿಯುವವರೆಗೂ ಕಾದಳು. ಆಮೇಲೆ ಖಾಲಿ ಕೆಟಲ್ ಎತ್ತಿಕೊಂಡು, ಸುದ್ದಿ ಹೇಳಲು ಊರ ಕಡೆ ಹೊರಟಳು.

ನಾಲ್ಕಕ್ಕೆ ಜೀಪು ಬಂತು. ಮೇಡಂ ಪೆಟ್ಟಿಗೆ, ಬಿಲ್ಲೆ ಎರಡನ್ನೂ ರಾಮಾಂಜಿಯಿಂದ ಬಿಚ್ಚಿಕೊಂಡು ಲ್ಯಾಪ್‌ಟಾಪಿಗೆ ಸಿಕ್ಕಿಸಿ ನೋಡಿದರು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು.

"ಆಶ್ಚರ್ಯ! ನಾವು ನೋಡಿದ ಕ್ವಾರಿಗಳಲ್ಲೇ ಇಷ್ಟು ಕಡಿಮೆ ಧೂಳು ಎಲ್ಲೂ ಇಲ್ಲ."

"ಮೇಡಂ, ನೀರು ಹಾಕಿದ್ದು ಇವತ್ತೊಂದೇ ದಿನ!" ರಾಮಾಂಜಿ ಕೂಗಿಕೊಂಡ.

ಮೇಡಂ ಉಳಿದವರ ಕಡೆ ತಿರುಗಿದರು. "ಹೌದೇನ್ರಿ?"

ಪೆಟ್ಟಿಗೆ ಇನ್ನೂ ಗುಂಯ್‌ಗುಡುತ್ತಿತ್ತು. ಹನುಮಂತು ಅದರ ಕಡೆ ನೋಡುತ್ತ, "ದಿನಾ ಹಾಕ್ತೀವಿ ಮೇಡಂ. ಆಳುಗಳು ನನ್ನ ಮಕ್ಕಳಿದ್ದಂಗ," ಅಂದ. ಮಾರೆಣ್ಣ, ಕ್ರಷರಿನವನು, ನರಸಣ್ಣ, ಎಲ್ಲರೂ ಗೋಣು ಹಾಕಿದರು.

ಮೇಡಂ ರಾಮಾಂಜಿಯ ಹೆಗಲು ತಟ್ಟಿದರು. "ಒಳ್ಳೇ ಕಡೆ ಇದ್ದೀಯಪ್ಪ. ಡ್ರಿಲ್ಲು ಮದ್ದಿಕೇರ ಕಡೆಯವರಿಗೆ ಹೋಗಲಿ. ಪಾಪ, ಅಲ್ಲಿ ಬಹಳ ಧೂಳು."

ಜೀಪು ಹತ್ತುವಾಗ ಹನುಮಂತು ತಡೆಯಲಾರದೆ ಕೇಳಿದ: "ಮೇಡಂ, ನಾ ಮಾತಾಡಿದ್ದು ಚಲೋ ಬಂದೈತೇನ್ರಿ ಅದರಾಗ?"

"ಮಾತೇ? ಇದಕ್ಕೆ ಕಿವಿ ಇಲ್ಲರೀ. ಇರೋದು ಮೂಗು ಅಷ್ಟೇ," ಎಂದು ನಕ್ಕು ಮೇಡಂ ಹೋದರು.

ಜೀಪು ತಿರುವು ದಾಟಿತು. ಆಮೇಲೆ ಹನುಮಂತು ಬೆಳಗಿನಿಂದ ಕೂಡಿಟ್ಟ ಬೈಗುಳಗಳನ್ನೆಲ್ಲ ಒಂದೇ ಉಸಿರಿಗೆ ಬಿಚ್ಚಿದ. ಟ್ಯಾಂಕರ್ ವಾಪಸು ಹೋಯಿತು. ಹಾಳಾದ ಹೊತ್ತು ತುಂಬಿಸಬೇಕೆಂದು ಬೆಳಕು ಇರುವವರೆಗೆ ಒಣ ಕಲ್ಲಿಗೆ ಡ್ರಿಲ್ಲು ಹಾಕಿಸಿದ. ಎಂದೂ ಎದ್ದಿರದಷ್ಟು ಧೂಳು ಅವತ್ತು ಎದ್ದಿತು. ಅಳೆಯಲು ಯಾರೂ ಇರಲಿಲ್ಲ.

ರಾಮಾಂಜಿ ಮನೆ ಮುಟ್ಟಿದಾಗ ಅವನಲ್ಲಿ ಬಿಳಿಯಾಗದೆ ಉಳಿದದ್ದು ಕಣ್ಣು ಮಾತ್ರ. ಹೊಸ್ತಿಲಿನ ಒಳಗೆ ರಾಣಿ ನಿಂತಿದ್ದಳು. ಮುಖ ತೊಳೆದು, ಹೂ ಮುಡಿದು, ತಲೆಯ ಮೇಲೆ ಸೆರಗು ಹೊದ್ದಿದ್ದಳು. ಕಂಕುಳಲ್ಲಿ ಭವಾನಿಗೂ ಹೊಸ ಅಂಗಿ.

"ರೀ, ಅಲ್ಲೇ ನಿಂದರ್ರಿ," ಅಂದಳು. ಮದುವೆಯಾದ ಮೇಲೆ ಮೊದಲ ಸಲ 'ರೀ'. "ಪಕೀರಮ್ಮತ್ತಿ ಎಲ್ಲಾ ಹೇಳ್ಯಾಳ."

ಅವನು ಬಾಯಿ ತೆಗೆಯುವಷ್ಟರಲ್ಲಿ ಅವಳು ಕೂಸಿನ ಎರಡೂ ಕೈ ಜೋಡಿಸಿ, ಅವನ ಅಂಗಿಯ ಮೇಲುಗುಂಡಿಯನ್ನೇ ಸರ್ಕಾರದ ಕಿವಿ ಎಂದುಕೊಂಡು ದಿಟ್ಟಿಸುತ್ತ, ಶಾಲೆಯಲ್ಲಿ ಪದ್ಯ ಒಪ್ಪಿಸುವ ಹುಡುಗಿಯಂತೆ ಶುರುಮಾಡಿದಳು.

"ಸರ್ಕಾರದವರಿಗೆ ನಮಸ್ಕಾರ. ನಾನು ರಾಮಾಂಜಿಯವರ ಮನೆಯವಳು. ನಮಗ ಮನಿ ಬ್ಯಾಡ, ರೊಕ್ಕ ಬ್ಯಾಡ. ಇವರಿಗೆ ಧೂಳು ಬರದಂಥಾ ಮಷೀನು ಕೊಡ್ರಿ. ಇವರನ್ನ ಹೊರಗ ಮಲಗಿಸಿ ಒಳಗ ನನಗ ನಿದ್ದಿ ಹತ್ತಂಗಿಲ್ಲ. ಅದನ್ನ ಇವರಿಗೆ ಹೇಳಬ್ಯಾಡ್ರಿ." ಇಷ್ಟು ಹೇಳಿ ನಾಲಿಗೆ ಕಚ್ಚಿಕೊಂಡಳು.

ಕೂಸಿನ ಎದೆಯ ಗೊರಗೊರ ಮಾತ್ರ ಕೇಳುತ್ತಿತ್ತು. ಗುಂಡಿ ಸುಮ್ಮನಿತ್ತು.

"ಕೇಳಿಸ್ತೇನು ಅವರಿಗೆ?" ಅಂದಳು ರಾಣಿ.

ರಾಮಾಂಜಿ ಗುಂಡಿ ಮುಟ್ಟಿ ನೋಡಿಕೊಂಡ. ಬೆಳಿಗ್ಗೆಯ ಸುಳ್ಳಿಗೆ ಈಗ ಬಾಯಿ ಬಿಟ್ಟೇ ಇನ್ನೊಂದು ಸೇರಿಸಬೇಕಾಯಿತು.

"ಹ್ಞೂಂ. ಕೇಳಿಸ್ತು."

"ಹಂಗಾರ ಸರಿ." ಅವಳ 'ರೀ' ಅಲ್ಲಿಗೆ ಮುಗಿಯಿತು. "ಮಷೀನು ಬರೋ ತನ ಮಂಚ ಅಲ್ಲೇ ಇರ್ತೈತಿ. ಇವತ್ತರ ಇನ್ನಾ ಒಂದು ಮಾರು ಆಚೆ ಹಾಕ್ಕೊ. ಯಪ್ಪಾ, ಏನು ಧೂಳೋ!"